ಟೆಸ್ಟಿಗೆ ಮುಂಚೆ ಹರಿದ ಬೆಲ್ಟು

ಫೋನ್ ಎತ್ತಿದ ಕೂಡಲೇ ನಾಲ್ಕೈದು ಗಂಡಸರು ಒಟ್ಟಿಗೆ ಕೂಗುವ ಸದ್ದು ಕೇಳಿಸಿತು. ಅದರ ನಡುವೆ ನಮ್ಮ ಚನ್ನರಾಯಪಟ್ಟಣದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ದನಿ. ಅವರ ಗಾಡಿಯ ರಿಪೇರಿಯೆಲ್ಲ ನನ್ನ ಗ್ಯಾರೇಜಿನದೇ.

"ಅಣ್ಣಾ, ಗಾಡಿ ನಿಂತೋಯ್ತು ಕಣಣ್ಣ. ದಂಡಿಗನಹಳ್ಳಿ ಕಡೆ ತಿರುಗೋ ತಾವ. ಕೀ ತಿರುಗ್ಸಿದ್ರೆ ಎಂಜಿನ್ನು ಸುತ್ತುತೈತೆ, ಇಡ್ಕೊಳ್ತಾ ಇಲ್ಲ. ತಳ್ಳುಸ್ತಾ ಇದೀನಿ."

"ಸುತ್ತೋದು ಎಂಗೆ ಸುತ್ತುತೈತೆ? ಭಾರ ಇಲ್ದಂಗಾ?"

"ಊಂ, ಸಲೀಸಾಗೈತೆ."

ಡೀಸೆಲ್ ಎಂಜಿನ್ನು ಸಲೀಸಾಗಿ ಸುತ್ತುತ್ತಿದೆ ಎಂದರೆ ಒಳಗೆ ಗಾಳಿ ಒತ್ತುತ್ತಿಲ್ಲ, ಅಂದರೆ ಟೈಮಿಂಗ್ ಬೆಲ್ಟ್ ಹೋಗಿದೆ. "ತಳ್ಬ್ಯಾಡಿ! ಅಂಗೇ ಬುಟ್ಬುಡಿ!" ಎಂದು ಕಿರುಚಿದೆ. ಅಷ್ಟರಲ್ಲಿ ಅವರು ಫೋನನ್ನು ಕಿವಿಯಿಂದ ತೆಗೆದು ತಳ್ಳುವವರಿಗೆ "ಇನ್ನೊಂಚೂರು ಜೋರಾಗಿ!" ಎನ್ನುತ್ತಿದ್ದರು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು, ಟಕ ಟಕ ಟಕ, ಇಲ್ಲಿಯವರೆಗೆ ಕೇಳಿಸಿತು.

ನಮ್ಮ ಸೀಮೆಯಲ್ಲಿ ರಸ್ತೆ ಮೇಲೆ ಒಂದು ಗಾಡಿ ನಿಂತರೆ ಜನ ಸುಮ್ಮನಿರುವುದಿಲ್ಲ. ಟೀ ಅಂಗಡಿಯಲ್ಲಿ ಕೂತವರು ಲೋಟ ಕೆಳಗಿಟ್ಟು ಬರುತ್ತಾರೆ. ಬೈಕಿನವನು ಸ್ಟ್ಯಾಂಡ್ ಹಾಕಿ ಬರುತ್ತಾನೆ. ಯಾಕೆ ನಿಂತಿತು ಎಂದು ಒಬ್ಬನೂ ಕೇಳುವುದಿಲ್ಲ, ಪಂಚೆ ಎತ್ತಿ ಕಟ್ಟಿ ತಳ್ಳುವುದೇ. ಹಳೇ ಜೀಪು, ಟ್ರ್ಯಾಕ್ಟರುಗಳ ಕಾಲದಲ್ಲಿ ಅದರಿಂದ ಉಪಕಾರವಾಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಬೆಲ್ಟ್ ಹರಿದ ಗಾಡಿಯ ಮಟ್ಟಿಗೆ ಅದರಂಥ ಅಪಕಾರ ಇನ್ನೊಂದಿಲ್ಲ. ಎಂಜಿನ್ನಿನ ಕೆಳಭಾಗವನ್ನೂ ಮೇಲ್ಭಾಗವನ್ನೂ ಒಂದೇ ಲೆಕ್ಕದಲ್ಲಿ ತಿರುಗಿಸುವ ಹಲ್ಲಿನ ರಬ್ಬರ್ ಪಟ್ಟಿ ಅದು. ಅದು ಹರಿದರೆ ಮೇಲಿನ ವಾಲ್ವ್‌ಗಳು ಇದ್ದಲ್ಲೇ ನಿಲ್ಲುತ್ತವೆ, ಕೆಲವು ಬಾಯಿ ತೆರೆದುಕೊಂಡೇ ನಿಲ್ಲುತ್ತವೆ. ಕೆಳಗಿನ ಪಿಸ್ಟನ್ನು ಮೇಲೆ ಬಂದು ಅವಕ್ಕೆ ಗುದ್ದುತ್ತದೆ. ಚಕ್ರ ತಳ್ಳಿದಷ್ಟೂ ಗುದ್ದು ಹೆಚ್ಚು.

ಹಗ್ಗ ಹಾಕಿಕೊಂಡು ಪಿಕಪ್ ತೆಗೆದುಕೊಂಡು ಹೋದೆ. ತಳ್ಳಿದ ಮಹನೀಯರು ಇನ್ನೂ ಅಲ್ಲೇ ಸಲಹೆ ಕೊಡುತ್ತಾ ನಿಂತಿದ್ದರು. ರಸ್ತೆಯ ಆಚೆ ಬದಿಯಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬಳೇ ನಿಂತಿದ್ದಳು. ಕಲಿಯಲು ಬಂದವಳು ಎಂದು ಗೊತ್ತಾಯಿತು.

"ಈಯಮ್ಮನ ಕೆಲಸ ಇದು" ಎಂದರು ಮೇಷ್ಟ್ರು, ಎಲ್ಲರಿಗೂ ಕೇಳುವಂತೆ. "ಗೇರು ನಾಕರಿಂದ ಮೂರಕ್ಕೆ ಇಳಿಸವ್ವ ಅಂದ್ರೆ ಒಂದಕ್ಕೆ ಆಕ್ಬುಟ್ಲು. ಎಂಜಿನ್ ಕಿರುಚ್ಕಂಡು ನಿಂತೋಯ್ತು."

"ನಾನು ಮೂರಕ್ಕೇ ಆಕಿದ್ದು ಸಾ" ಎಂದಳು ಆಕೆ. ಯಾರೂ ಅವಳ ಕಡೆ ತಿರುಗಲಿಲ್ಲ.

ಮೇಷ್ಟ್ರು ಹೇಳಿದ್ದು ಆಗದ ಮಾತೇನಲ್ಲ. ಓಡುವ ವೇಗದಲ್ಲಿ ತಪ್ಪು ಗೇರಿಗೆ ಬಿದ್ದರೆ ಎಂಜಿನ್ನು ತನ್ನ ಮಿತಿ ಮೀರಿ ಸುತ್ತುತ್ತದೆ, ದುರ್ಬಲವಾದ ಬೆಲ್ಟು ಕಿತ್ತುಹೋಗಬಹುದು. ಬಿಚ್ಚಿ ನೋಡದೆ ತೀರ್ಪು ಕೊಡುವಂತಿಲ್ಲ. ಕಾರಿಗೆ ಹಗ್ಗ ಕಟ್ಟಿ ಆಕೆಯನ್ನು ನನ್ನ ಪಿಕಪ್ಪಿನಲ್ಲಿ ಕೂರಿಸಿಕೊಂಡೆ. ದಾರಿಯಲ್ಲಿ ಅವಳ ವಿಚಾರ ತಿಳಿಯಿತು. ಅವರ ಪಂಚಾಯ್ತಿಗೆ ಕಸ ಎತ್ತುವ ಹೊಸ ಗಾಡಿ ಬಂದಿದೆ. ಓಡಿಸುವ ಕೆಲಸ ಹೆಂಗಸರಿಗೇ ಎಂದಾಗಿದೆ. ಮಹಿಳಾ ಸಂಘದವರು ಇವಳ ಹೆಸರು ಕೊಟ್ಟಿದ್ದಾರೆ.

"ಶುಕ್ರವಾರ ಆಸನದಲ್ಲಿ ಲೈಸೆನ್ಸ್ ಟೆಸ್ಟ್ ಐತಣ್ಣಾ. ಅದು ತಪ್ಪೋದ್ರೆ ಸಂಘದೋರು ಬ್ಯಾರೇರ ಎಸ್ರು ಕಳಿಸ್ತಾರೆ. ಗಾಡಿ ಬಂದು ಪಂಚಾಯ್ತಿ ಮುಂದೆ ನಿಂತೈತೆ, ಇನ್ನೆಷ್ಟು ದಿನ ಕಾಯ್ತಾರೆ? ನಮ್ಮೆಜಮಾನ್ರು ತೀರ್ಕಂಡ್ಮೇಲೆ ಎಲ್ಡು ಮಕ್ಳು ಇಟ್ಕಂಡು ಗಿರಣೀಲಿ ಕೆಲಸ ಮಾಡ್ತಿದೀನಿ. ಇದು ಸಿಕ್ಕುದ್ರೆ ತಿಂಗ್ಳು ಸಂಬಳ."

ಅವತ್ತು ಸೋಮವಾರ. ಕಾರಿನ ಗತಿ ಏನಾಗಿದೆಯೋ ನೋಡದೆ ಯಾರಿಗೂ ಮಾತು ಕೊಡುವವನಲ್ಲ ನಾನು. ಆದರೂ ಬಾಯಿ ತಪ್ಪಿ "ನೋಡಾಣ ಇರವ್ವ" ಅಂದುಬಿಟ್ಟೆ.

ಗ್ಯಾರೇಜಿನಲ್ಲಿ ಬೆಲ್ಟಿನ ಮುಚ್ಚಳ ಬಿಚ್ಚಿದಾಗಲೇ ಅರ್ಧ ಉತ್ತರ ಸಿಕ್ಕಿತು. ಬೆಲ್ಟು ಎಣ್ಣೆ ಕುಡಿದು ಊದಿಕೊಂಡಿತ್ತು. ಎಣ್ಣೆ ತಡೆಯುವ ಮೇಲಿನ ಸೀಲ್ ಸೋರಿ ಸೋರಿ ಒಳಗೆಲ್ಲ ಕಪ್ಪು ಜಿಡ್ಡು. ಹಲ್ಲುಗಳ ಬುಡದಲ್ಲಿ ಹಳೆಯ ಬಿರುಕು. ಮೇಷ್ಟ್ರು ಈ ಕಾರನ್ನು ಸೆಕೆಂಡ್ ಹ್ಯಾಂಡ್ ತಂದ ಮೇಲೆ ಬೆಲ್ಟ್ ಬದಲಾಯಿಸಿಯೇ ಇರಲಿಲ್ಲ. ನಾನು ಹೇಳಿದಾಗಲೆಲ್ಲ "ಮುಂದಿನ ಸರ್ವಿಸ್‌ಗೆ ನೋಡಾಣ" ಎನ್ನುತ್ತಿದ್ದರು.

"ನೋಡಿ, ಇದು ಇವತ್ತು ಕೆಟ್ಟಿದ್ದಲ್ಲ" ಎಂದು ಕೈಗೆ ಕೊಟ್ಟೆ.

"ಅಳೇದಾಗಿರಬೋದು ಕಣಣ್ಣ. ಗೇರ್ ತಪ್ಪಾಕ್ದೇ ಇದ್ದಿದ್ರೆ ಇನ್ನೂ ಓಡ್ತಿತ್ತು" ಎಂದು ವಾಪಸ್ಸು ಕೊಟ್ಟರು. "ಈಯಮ್ಮನ್ನ ಈ ಸಲ ಟೆಸ್ಟಿಗೆ ಕಳ್ಸಕ್ಕಾಗಲ್ಲ. ಸರ್ಯಾಗಿ ಕಲ್ತ ಮೇಲೆ ನೋಡಾಣ."

ನನಗೆ ಸಿಟ್ಟು ಬಂತು. "ಕಾರು ರೆಡಿಯಾದ್ರೆ ಕಳುಸ್ತೀರಾ, ಇಲ್ವಾ? ಅಷ್ಟು ಹೇಳಿ." ಉಳಿದ ಕಲಿಯುವವರ ಟೆಸ್ಟು ಮುಂದಿನ ವಾರ ಇತ್ತು, ಶುಕ್ರವಾರಕ್ಕೆ ಇದ್ದದ್ದು ಇವಳೊಬ್ಬಳೇ. ರೆಡಿಯಾಗುವುದಿಲ್ಲ ಎಂಬ ಧೈರ್ಯದ ಮೇಲೋ ಏನೋ, ಅವರು ಹೂಂ ಎಂದರು.

ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿದೆ. ಪಿಸ್ಟನ್ನುಗಳ ತಲೆಯ ಮೇಲೆ ಅರ್ಧಚಂದ್ರದ ಗುರುತುಗಳು, ಉಗುರು ಆಡಿಸಿದರೆ ಸಿಗುವಷ್ಟು ಆಳ. ಅದೃಷ್ಟಕ್ಕೆ ತೂತು ಬಿದ್ದಿರಲಿಲ್ಲ, ಕನೆಕ್ಟಿಂಗ್ ರಾಡುಗಳೂ ನೆಟ್ಟಗಿದ್ದವು. ಎಂಟು ವಾಲ್ವ್‌ಗಳನ್ನು ಹೊರತೆಗೆದು ಒಂದೊಂದನ್ನೇ ಗಾಜಿನ ಮೇಲೆ ಉರುಳಿಸಿದೆ. ಬಗ್ಗಿದ ವಾಲ್ವು ಕುಂಟುತ್ತಾ ಉರುಳುತ್ತದೆ, ಕಣ್ಣಿಗೇ ಗೊತ್ತಾಗುತ್ತದೆ. ಏಳು ಕುಂಟಿದವು. ಹೊಗೆ ಹೊರಬಿಡುವ ಒಂದು ಎಕ್ಸಾಸ್ಟ್ ವಾಲ್ವು ಮಾತ್ರ ನೆಟ್ಟಗೆ ಉರುಳಿತು. ಬೆಲ್ಟ್ ಹರಿದಾಗ ಎಷ್ಟು ಬಗ್ಗಿದವೋ, ತಳ್ಳಿದಾಗ ಎಷ್ಟು ಬಗ್ಗಿದವೋ, ಅದನ್ನು ಯಾರೂ ಹೇಳಲಾರರು.

ಮಂಗಳವಾರ ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹಾಸನಕ್ಕೆ ಹೋದೆ. ಅಲ್ಲಿ ಹೆಡ್ ಕೆಲಸವನ್ನೇ ಮಾಡುವ ಹಿರಿಯರೊಬ್ಬರಿದ್ದಾರೆ. ವಾಲ್ವು ಕೂರುವ ಸೀಟುಗಳನ್ನು ಕೆತ್ತಿ, ಮುಖವನ್ನು ಸಮ ಮಾಡಿ ಕೊಡಬೇಕಿತ್ತು. ಅರ್ಜೆಂಟ್ ಎಂದರೆ ಅವರಿಗೆ ಆಗುವುದಿಲ್ಲ.

"ಭಾಯ್, ಎಲ್ಲಾರ್ಗೂ ಅರ್ಜೆಂಟೇ. ಕಬ್ಬಿಣಕ್ಕೆ ಅರ್ಜೆಂಟ್ ಗೊತ್ತಿಲ್ಲ" ಎಂದರು. ಆದರೂ ಬುಧವಾರ ಮಧ್ಯಾಹ್ನಕ್ಕೆ ಮುಗಿಸಿದರು. ತೊಡಕು ಬಂದಿದ್ದು ವಾಲ್ವ್‌ಗಳಲ್ಲಿ. ಇಂಥ ಪೆಟ್ಟಾದ ಮೇಲೆ ಎಂಟನ್ನೂ ಹೊಸದೇ ಹಾಕಬೇಕು, ಹಾಸನದ ಅಂಗಡಿಗಳಲ್ಲೆಲ್ಲ ಸುತ್ತಿದರೂ ಏಳೇ ಸಿಕ್ಕವು. ಹೊಳೆನರಸೀಪುರಕ್ಕೆ ಫೋನ್ ಮಾಡಿದೆ, ಅರಕಲಗೂಡಿಗೆ ಮಾಡಿದೆ, ಎಲ್ಲೂ ಇಲ್ಲ. ಬೆಂಗಳೂರಿನಿಂದ ತರಿಸಿದರೆ ಶುಕ್ರವಾರ ಕೈ ತಪ್ಪುತ್ತದೆ. ಆ ನೆಟ್ಟಗಿದ್ದ ಹಳೆಯ ವಾಲ್ವನ್ನು ಹಿರಿಯರು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ನಾನೂ ನೋಡಿದೆ. ಇಬ್ಬರ ಕಣ್ಣಿಗೂ ಏನೂ ಕಾಣಲಿಲ್ಲ, ಅದನ್ನೇ ಕೂರಿಸಿದೆವು.

ಬುಧವಾರ ಸಂಜೆಯೇ ಜೋಡಣೆ ಶುರುಮಾಡಿದೆ. ಹೊಸ ಗ್ಯಾಸ್ಕೆಟ್ಟು ಹಾಸಿ, ಹೆಡ್ ಇಳಿಸಿ, ಬೋಲ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ ಸುತ್ತು ಸುತ್ತಾಗಿ ಬಿಗಿಯಬೇಕು. ಒಂದೇ ಸಲ ಬಿಗಿದರೆ ಹೆಡ್ ಸೊಟ್ಟಾಗುತ್ತದೆ. ಹೊಸ ಸೀಲು, ಬೆಲ್ಟನ್ನು ಬಿಗಿಯಾಗಿಡುವ ಹೊಸ ಟೆನ್ಷನರು, ಮೇಲಿನ ಗುರುತಿಗೆ ಕೆಳಗಿನ ಗುರುತು ಕೂಡಿಸಿ ಹೊಸ ಬೆಲ್ಟು. ಆಮೇಲೆ ಕೀ ಮುಟ್ಟದೆ ಸ್ಪ್ಯಾನರಿನಲ್ಲಿ ಎಂಜಿನ್ನನ್ನು ಕೈಯಿಂದಲೇ ಸುತ್ತಿಸಿ ನೋಡುತ್ತೇನೆ. ಎಲ್ಲಾದರೂ ತಡೆದರೆ ಕೈಗೆ ಗೊತ್ತಾಗುತ್ತದೆ. ತಡೆಯಲಿಲ್ಲ.

ಗುರುವಾರ ಬೆಳಿಗ್ಗೆ ಆಕೆ ಮೊದಲ ಬಸ್ಸಿಗೇ ಬಂದು ಹಳೇ ಟೈರಿನ ಮೇಲೆ ಕೂತಿದ್ದಳು. ಮೇಷ್ಟ್ರೂ ಬಂದರು. ಕೀ ತಿರುಗಿಸಿದೆ, ಎಂಜಿನ್ ಹಿಡಿದುಕೊಂಡಿತು. ಆಕೆ ಎದ್ದು ನಿಂತು ಕೈ ಮುಗಿದಳು. ನನಗೆ ಖುಷಿಯಾಗಲಿಲ್ಲ. ಸದ್ದಿನಲ್ಲಿ ಒಂದು ಮುಗ್ಗರಿಕೆ ಇತ್ತು. ಆಫ್ ಮಾಡಿ ಗೇಜ್ ಹಾಕಿ ಒಂದೊಂದೇ ಸಿಲಿಂಡರಿನ ಒತ್ತಡ ನೋಡಿದೆ. ಮೂರು ಸರಿಯಾಗಿದ್ದವು. ಹಳೆಯ ವಾಲ್ವ್ ಕೂರಿಸಿದ್ದ ಸಿಲಿಂಡರಿನಲ್ಲಿ ಮುಳ್ಳು ಅರ್ಧಕ್ಕೇ ನಿಂತಿತು.

"ಸ್ಟಾರ್ಟ್ ಆಯ್ತಲ್ಲಣ್ಣ. ಒಂದಿನ ಓಡ್ಲಿ ಸಾಕು" ಎಂದರು ಮೇಷ್ಟ್ರು. "ಟೆಸ್ಟ್ ಮುಗುಸ್ಕಂಡ್ ಬತ್ತೀವಿ. ಆಮ್ಯಾಕೆ ಪೂರಾ ಬಿಚ್ಚಾಕು."

ಸುಳ್ಳು ಯಾಕೆ ಹೇಳಲಿ, ನನ್ನ ಮನಸ್ಸೂ ಅಲ್ಲಾಡಿತು. ಹಾಸನಕ್ಕೆ ಹೋಗಿ ಬರುವುದು ಎಷ್ಟು ಮಹಾ ದೂರ? ಏನೂ ಆಗದೆ ಹೋಗಿಬರಬಹುದು. ಒಂದು ಮನೆಯ ಅನ್ನದ ಪ್ರಶ್ನೆ ಎದುರಿಗೆ ನಿಂತಿದೆ. ಆದರೆ ಆ ವಾಲ್ವು ಪೆಟ್ಟಿಗೆ ಬಿರುಕು ಬಿಟ್ಟಿದ್ದು, ಅದರ ತಲೆ ಕಿತ್ತು ಒಳಗೆ ಬಿದ್ದರೆ ಎಂಜಿನ್ನು ಓಡುತ್ತಿದ್ದ ಹಾಗೇ ಜಾಮ್ ಆಗಿ ನಿಂತುಬಿಡುತ್ತದೆ. ಹಿಂದೆ ಲಾರಿ, ಮುಂದೆ ಲಾರಿ, ನಡುವೆ ಇನ್ನೂ ಎಲ್ ಬೋರ್ಡಿನವಳು.

"ಓಡಿಸ್ಕಂಡೋದ್ರೆ ಏನಾಯ್ತದಣ್ಣಾ?" ಎಂದು ಆಕೆಯೇ ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವಳು ಎಂಜಿನ್ನಿನ ಕಡೆ ಕೈ ತೋರಿಸಿದಳು. "ಮನೇಲಿ ಮಕ್ಳು ಕಾಯ್ತಿರ್ತವೆ. ಬಿಚ್ಬುಡಿ."

"ಆಮ್ಯಾಕೆ ನನ್ನ ಅನ್ಬ್ಯಾಡ" ಎಂದು ಮೇಷ್ಟ್ರು ಬೀಡಿ ಹಚ್ಚಿ ಹೊರಗೆ ಹೋದರು. ನಿನ್ನೆ ಸಂಜೆ ಅಷ್ಟು ಜೋಪಾನವಾಗಿ ಬಿಗಿದ ಬೋಲ್ಟುಗಳನ್ನು ಒಂದೊಂದೇ ಸಡಿಲಿಸುವಾಗ ನನ್ನ ಕೈಗೇ ಬೇಜಾರಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ವಾಲ್ವು ಕೈಗೆ ಬಂತು. ಈಗ ಅದು ಗಾಜಿನ ಮೇಲೆ ಕುಂಟಿತು. ಕತ್ತಿನ ಸುತ್ತ ಕೂದಲೆಳೆಯಂಥ ಬಿರುಕು. ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ, ತಲೆ ಕಳಚಿ ನೆಲಕ್ಕೆ ಬಿತ್ತು. ಅಷ್ಟರಲ್ಲಿ ಒಳಗೆ ಬಂದಿದ್ದ ಮೇಷ್ಟ್ರು ಬಗ್ಗಿ ಅದನ್ನು ಎತ್ತಿಕೊಂಡರು.

ಕಾರಂತೂ ಇನ್ನು ಶುಕ್ರವಾರಕ್ಕೆ ಇಲ್ಲ. ನನ್ನದೊಂದು ಹಳೇ ಪೆಟ್ರೋಲ್ ಕಾರು ಶೆಡ್ಡಿನ ಹಿಂದೆ ಇತ್ತು, ಕಾಗದಪತ್ರವೆಲ್ಲ ಸರಿಯಿತ್ತು. "ಇದ್ರಲ್ಲೇ ಟೆಸ್ಟ್ ಕೊಡ್ಲಿ" ಎಂದೆ.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ಬ್ಯಾಡ ಕಣಣ್ಣ. ಎಲ್ಡೂ ಕಡೆ ಪೆಡಲ್ ಇಲ್ದಿರೋ ಗಾಡೀಲಿ ಆಗಲ್ಲ."

"ಯಾಕಾಗಲ್ಲ? ಟೆಸ್ಟಲ್ಲಿ ನೀವೇನು ಪಕ್ಕದಲ್ಲಿ ಕೂತಿರ್ತೀರಾ?" ಎಂದು ಗದರಿಸಿ, ಆಕೆಯನ್ನು ಕರೆದುಕೊಂಡು ಊರಾಚೆಯ ಹೊಸ ಬಡಾವಣೆಗೆ ಹೋದೆ. ಅಲ್ಲಿ ಸೈಟುಗಳಿಗೆ ಕಲ್ಲು ನೆಟ್ಟು ರಸ್ತೆ ಮಾಡಿದ್ದಾರೆ, ಮನೆ ಒಂದೂ ಎದ್ದಿಲ್ಲ.

ಆಕೆ ಕೂತಳು, ಕನ್ನಡಿ ಸರಿಮಾಡಿಕೊಂಡಳು, ಸೀಟ್ ಬೆಲ್ಟ್ ಹಾಕಿಕೊಂಡಳು, ಎಲ್ಲ ಕ್ರಮವಾಗಿ. ಫಸ್ಟ್ ಗೇರ್ ಹಾಕಿದಳು. ಕಾರು ಒಮ್ಮೆ ಕುಪ್ಪಳಿಸಿ ಆಫ್ ಆಯಿತು. ಮತ್ತೆ ಸ್ಟಾರ್ಟು, ಮತ್ತೆ ಕುಪ್ಪಳಿಕೆ. ಹೊಸ ಗಾಡಿ, ಹೆದರಿದ್ದಾಳೆ ಎಂದುಕೊಂಡೆ. ಎಷ್ಟು ಸಲ ಮಾಡಿದರೂ ಅದೇ ಕಥೆ. ಅವಳ ಹಣೆಯ ಮೇಲೆ ಬೆವರು.

"ಈ ಪೆಡಲ್ ಯಾಕಣ್ಣಾ ಇಂಗೆ ಒದೀತೈತೆ?" ಎಂದಳು. "ಸ್ಕೂಲ್ ಗಾಡೀಲಿ ಕಾಲಿಟ್ರೆ ಸಾಕು, ತಾನೇ ಒಳೀಕೋಯ್ತಿತ್ತು, ತಾನೇ ಮ್ಯಾಲಕ್ ಬತ್ತಿತ್ತು."

ಆಗ ನನಗೆ ಹೊಳೆಯಿತು. ಸ್ಕೂಲಿನ ಕಾರಿನಲ್ಲಿ ಎರಡೂ ಕಡೆಯ ಪೆಡಲುಗಳಿಗೆ ಕೊಂಡಿ ಇರುತ್ತದೆ. ಆ ಕಡೆ ಒತ್ತಿದರೆ ಈ ಕಡೆಯದೂ ಇಳಿಯುತ್ತದೆ. ಇಷ್ಟು ದಿನ ಕ್ಲಚ್ ಒತ್ತಿದ್ದು, ಬಿಟ್ಟಿದ್ದು ಮೇಷ್ಟ್ರ ಕಾಲು. ಅವರು ಹಾಗೆ ಮಾಡುವುದಕ್ಕೂ ಕಾರಣವಿದೆ: ಕಲಿಯುವವರು ಬಿಟ್ಟರೆ ಗಾಡಿ ಕುಪ್ಪಳಿಸುತ್ತದೆ, ಕ್ಲಚ್ ಪ್ಲೇಟು ಸವೆಯುತ್ತದೆ. ಟೆಸ್ಟಿನ ಹಿಂದಿನ ಒಂದೆರಡು ದಿನ ಕಾಲು ತೆಗೆದು, ಕಲಿಯುವವರೇ ಪಳಗಲಿ ಎಂದು ಬಿಡುತ್ತಿದ್ದರಂತೆ. ಈ ಸಲ ಆ ಒಂದೆರಡು ದಿನವನ್ನು ಬೆಲ್ಟು ನುಂಗಿಹಾಕಿತ್ತು.

"ಸೋಮವಾರ ಗೇರ್ ಬದಲಾಯ್ಸುವಾಗ್ಲೂ ಇಂಗೇನಾ?"

"ಊಂ. ನಾನು ಕೋಲು ಮೂರಕ್ಕೆ ಆಕ್ದೆ, ಪೆಡಲ್ ತಾನೇ ಬಂತು."

ಗೇರ್ ತಪ್ಪಿದ್ದೇ ನಿಜವಾದರೂ ಎಂಜಿನ್ನು ಮಿತಿ ಮೀರುವುದು ಕ್ಲಚ್ ಬಿಟ್ಟಾಗ, ಹಾಗೆ ಬಿಟ್ಟ ಕಾಲು ಇವಳದಲ್ಲ ಎಂದಾಯಿತು. ಇವಳ ಮೇಲಿನ ತಪ್ಪು ಅಲ್ಲಿಗೆ ಕಳಚಿಬಿತ್ತು. ಆದರೆ ಅದರ ಜೊತೆಗೇ ಇವಳಿಗೆ ಕಾರು ಓಡಿಸಲು ಬರುವುದಿಲ್ಲ ಎಂಬುದೂ ಗೊತ್ತಾಯಿತು. ಟೆಸ್ಟು ನಾಳೆ. ಬಚ್ಚಿಡುವುದರಲ್ಲಿ ಅರ್ಥವಿರಲಿಲ್ಲ, ಎರಡನ್ನೂ ಹೇಳಿದೆ.

ಅವಳು ಬಾಗಿಲು ತೆರೆದು ಇಳಿದಳು. ಸ್ವಲ್ಪ ದೂರ ಹೋಗಿ ಒಂದು ಸೈಟುಗಲ್ಲಿನ ಹತ್ತಿರ ಬೆನ್ನು ತಿರುಗಿಸಿ ನಿಂತಳು. ಅಳುತ್ತಿದ್ದಾಳೇನೋ ಎಂದು ನನಗೆ ಸಂಕಟವಾಯಿತು. ಮೇಷ್ಟ್ರ ಮೇಲೆ ಎಂಥ ಕೋಪ ಬಂತೆಂದರೆ, ಅವರು ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ. ಆಮೇಲೆ ಅವಳು ವಾಪಸ್ಸು ಬಂದು ಕೂತಳು.

"ಕತ್ಲಾಯ್ತೈತೆ. ಯೋಳ್ಕೊಡಿ" ಎಂದಳು.

ನನಗೆ ಪಾಠ ಹೇಳಿ ಗೊತ್ತಿಲ್ಲ. ಗೊತ್ತಿರುವುದು ಸದ್ದು. "ಆಕ್ಸಿಲೇಟರ್ ಮುಟ್ಬ್ಯಾಡ. ಕ್ಲಚ್ ಪೂರಾ ಒತ್ತು, ಫಸ್ಟ್ ಹಾಕು. ಈಗ ನಿಧಾನಕ್ಕೆ ಬಿಡು. ಎಂಜಿನ್ ಸದ್ದು ಇಳಿಯೋದು ಕೇಳುಸ್ತದೆ. ಅಲ್ಲಿ ಕಾಲು ನಿಲ್ಸು" ಎಂದೆ.

ಒಂದು ಸಲ ಆಫ್ ಆಯಿತು. ಎರಡನೇ ಸಲ ಸದ್ದು ತಗ್ಗಿತು, ಅವಳ ಕಾಲು ನಿಂತಿತು. ಕಾರು ಕುಪ್ಪಳಿಸದೆ ತೆವಳತೊಡಗಿತು.

"ಗಿರಣೀಲಿ ರಾಗಿ ಸುರಿದೇಟ್ಗೆ ಸದ್ದು ಕುಗ್ಗಲ್ವಾ, ಅಂಗೇ!" ಎಂದಳು. ಮೊದಲ ಸಲ ಅವಳು ನಕ್ಕಿದ್ದನ್ನು ನೋಡಿದೆ. ಗಿರಣಿಯಲ್ಲಿ ದಿನವೂ ಮೋಟಾರಿನ ಸದ್ದು ಕೇಳಿಯೇ ಎಷ್ಟು ಸುರಿಯಬೇಕೆಂದು ಅಂದಾಜು ಮಾಡುವವಳು. ಬೆಳಕು ಇರುವವರೆಗೂ ಮುಂದೆ, ಹಿಂದೆ, ಎಂಟರ ಸುತ್ತು, ಎಲ್ಲ ಮಾಡಿಸಿದೆ. ಬಡಾವಣೆಯಲ್ಲಿ ಏರು ಮಾತ್ರ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ತಾವಾಗಿಯೇ ಬಂದು ಹಿಂದಿನ ಸೀಟಿನಲ್ಲಿ ಕೂತರು. ಸ್ಕೂಲಿನ ಕಾಗದಕ್ಕೆ ಸಹಿ ಹಾಕಲು ಅವರು ಹೇಗೂ ಬರಬೇಕಿತ್ತು. ಹಾಸನದವರೆಗೆ ನಾನೇ ಓಡಿಸಿದೆ.

ಟ್ರ್ಯಾಕಿನಲ್ಲಿ ಆಕೆಯ ಸರದಿ ಬಂದಾಗ ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂತರು. ನಾವಿಬ್ಬರು ಕಂಬಿಯ ಆಚೆ. ಎಂಟರ ಸುತ್ತು ಚೆನ್ನಾಗಿ ಬಂತು. ರಿವರ್ಸಿನಲ್ಲಿ ಕಂಬದ ತೀರಾ ಹತ್ತಿರ ಹೋದಳು, ತಾಗಿಸಲಿಲ್ಲ. ಆಮೇಲೆ ಏರು. ಅರ್ಧಕ್ಕೆ ಹತ್ತಿಸಿ ನಿಲ್ಲಿಸಬೇಕು, ಹಿಂದಕ್ಕೆ ಜಾರದೆ ಮತ್ತೆ ಹೊರಡಬೇಕು. ಕಾರು ಅರ್ಧಕ್ಕೆ ನಿಂತಿತು. ಹೊರಟಿತು, ಕುಪ್ಪಳಿಸಿತು, ಆಫ್ ಆಯಿತು. ಇನ್ಸ್‌ಪೆಕ್ಟರು ಏನೋ ಬರೆದುಕೊಂಡರು.

"ಓಯ್ತು" ಎಂದರು ಮೇಷ್ಟ್ರು, ಉಸಿರಿನಲ್ಲೇ. ತಿರುಗಿ ನೋಡಿದರೆ, ಅವರ ಎಡಗಾಲು ಮಣ್ಣಿನ ಮೇಲೆ ಕ್ಲಚ್ ಒತ್ತುತ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲ. ಹಿಂದಿನ ಸಂಜೆಯಿಂದ ಅವರ ಮೇಲಿದ್ದ ಕೋಪ ಅಷ್ಟು ಹೊತ್ತು ಮರೆತುಹೋಯಿತು.

ಎಂಜಿನ್ ಮತ್ತೆ ಸ್ಟಾರ್ಟ್ ಆಯಿತು. ಅವಳು ಅವಸರ ಮಾಡಲಿಲ್ಲ. ಹ್ಯಾಂಡ್‌ಬ್ರೇಕ್ ಹಿಡಿದೇ ಇದ್ದಳು. ಸದ್ದು ಮೆಲ್ಲಗೆ ತಗ್ಗಿತು, ತಗ್ಗಿ ನಿಂತಿತು. ಹಿಂದಿನ ಚಕ್ರವನ್ನೇ ನೋಡುತ್ತಿದ್ದೆ. ಒಂದು ಬೆರಳಿನಷ್ಟೂ ಹಿಂದಕ್ಕೆ ಬರಲಿಲ್ಲ. ಕಾರು ಏರು ಹತ್ತಿ ಆಚೆ ಇಳಿಯಿತು.

ಇನ್ಸ್‌ಪೆಕ್ಟರು ಇಳಿದು "ಒಂದ್ಸಲ ಆಫ್ ಮಾಡಿದ್ರಿ. ರಸ್ತೇಲಿ ಹುಷಾರು. ಪಾಸು, ಹೋಗಿ" ಎಂದು ಮುಂದಿನವರನ್ನು ಕರೆದರು.

ಆಕೆ ಕಾರನ್ನು ನಮ್ಮ ಹತ್ತಿರ ತಂದು ನಿಲ್ಲಿಸಿದಳು. ಮೇಷ್ಟ್ರು ಕಿಟಕಿಯ ಹತ್ತಿರ ಹೋಗಿ ನಿಂತರು. ಬಹಳ ಕಷ್ಟಪಟ್ಟು ಬಾಯಿ ಬಿಟ್ಟರು.

"ಗಾಡಿ ಕೆಟ್ಟಿದ್ದು ನಿನ್ನಿಂದಲ್ಲ ಕಣವ್ವ. ಬೆಲ್ಟ್ ಆಕಿಸ್ದೆ ಬಿಟ್ಟಿದ್ದು ನಾನು. ನಾಕು ಜನದ ಮುಂದೆ ನಿನ್ನ ಅಂದ್ಬುಟ್ಟೆ."

ಅವಳು ಸ್ಟಿಯರಿಂಗ್ ಬಿಡದೆ ಅವರ ಕಡೆ ತಿರುಗಿದಳು.

"ಗೇರ್ ತಪ್ಪಾಕಿಲ್ಲ ಅನ್ನೋದು ನಂಗೆ ಮೊದ್ಲೇ ಗೊತ್ತಿತ್ತು ಸಾ" ಎಂದಳು. "ನಂಗೆ ಓಡ್ಸಕ್ಕೇ ಬರಲ್ಲ ಅನ್ನೋದ್ನ ನೀವು ಯೋಳ್ಬೇಕಾಗಿತ್ತು."

ಮೇಷ್ಟ್ರು ಹಿಂದಿನ ಬಾಗಿಲು ತೆರೆದು ಕೂತರು. ನಾನು ಕೀ ಇಸಿದುಕೊಳ್ಳಲೆಂದು ಅವಳ ಕಡೆಯ ಬಾಗಿಲಿಗೆ ಹೋದೆ. ಅವಳು ಇಳಿಯಲಿಲ್ಲ.

"ಆ ಕಡೆ ಕುಂತ್ಕಳಿ ಅಣ್ಣಾ. ಚನ್ರಾಯ್ಪಟ್ಣದವರ್ಗೂ ನಾನೇ ಓಡಿಸ್ಕಂಡ್ ಬತ್ತೀನಿ" ಎಂದು ಕ್ಲಚ್ ಒತ್ತಿದಳು.